ನಂದಿದುರ್ಗಕ್ಕೆ ಯುದ್ಧವು ಬಂದ ಕಾರಣಗಳು

ಬುಡದಲ್ಲಿ ಭೋಗನಂದೀಶ್ವರನೂ ಶಿಖರದಲ್ಲಿ ಯೋಗನಂದೀಶ್ವರನೂ ನೆಲಸಿರುವ ನಂದಿಯ ಬೆಟ್ಟವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಜನರಿಗೆ ಮೊದಲು ಕ್ಷೇತ್ರವು, ಆಮೇಲೆ ಕೋಟೆಯು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮೊದಲಾದ ನದಿಗಳು ಈ ಗಿರಿಶ್ರೇಣಿಯಲ್ಲಿಯೇ ಹುಟ್ಟಿ ನಾನಾ ದಿಕ್ಕುಗಳಿಗೆ ಹರಿದುಹೋಗುವುವು. 4,851 ಅಡಿ ಎತ್ತರದ ಈ ಬೆಟ್ಟವು ಒಂದು ಪಾರ್ಶ್ವವನ್ನುಳಿದು ಮಿಕ್ಕೆಲ್ಲ ಕಡೆಗಳಲ್ಲಿಯೂ ಹತ್ತಲಾಗದ ಬಂಡೆಯಾಗಿರುವುದು. ಇಂತಹ ಸ್ಥಳಕ್ಕೆ 1791ನೆಯ ಇಸವಿ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಕಂಪೆನಿಯ ದಂಡು ಬಂದಿಳಿದು, ಮೂರು ವಾರಗಳ ಕಾಲ ಫಿರಂಗಿಗಳನ್ನು ಹಾರಿಸಿ, ಅಕ್ಟೋಬರ್ 19ರ ಬೆಳಗಾಗುವುದರೊಳಗೆ ಕೋಟೆಯನ್ನು ವಶಪಡಿಸಿಕೊಂಡಿತು.

ಈ ದಂಡು ಇಲ್ಲಿಗೆ ಏತಕ್ಕೆ ಬಂದಿತು? ಟಿಪ್ಪೂ ಸುಲ್ತಾನನು ತಿರುವಾಂಕೂರಿನ ಮೇಲೆ ಏರಿಹೋದನು, ತಿರುವಾಂಕೂರಿನ ಅರಸನು ಕಂಪೆನಿಯ ಮಿತ್ರನಾದುದರಿಂದ ಕಂಪೆನಿಯು ಯುದ್ಧವನ್ನು ಸಾರಿತು ಎಂಬುದೇ ಶಾಲೆಯ ಪುಸ್ತಕಗಳ ಉತ್ತರ. ಉತ್ತರವು ಸುಳ್ಳಲ್ಲ. ಆದರೆ ಪಶ್ಚಿಮ ಸಮುದ್ರದ ದಡದ ಒಂದು ಗೋಡೆಗಾಗಿ ಹುಟ್ಟಿದ ಜಗಳವು ನಂದಿಯ ಬೆಟ್ಟದವರೆಗೆ ನಡೆದು ಬಂದುದು ಹೇಗೆ, ಜಗಳವು ತೀರಿದ ಮೇಲೆ ಈ ಸೀಮೆಯವರಿಗೆ ದೊರೆತುದೇನು ಎಂಬುದನ್ನು ಆ ಉತ್ತರವು ತಿಳಿಸಲಾರದು. ಯುದ್ಧಕ್ಕೆ ಹೇಳುವ ನೆಪವು ಬೇರೆ, ಯುದ್ಧದ ಕಾರಣವು ಬೇರೆ. ಎರಡನ್ನೂ ಒಂದೇ ಎಂದೆಣಿಸಿದರೆ ಚರಿತ್ರೆಯು ಬರಿಯ ತಾರೀಖುಗಳ ಪಟ್ಟಿಯಾಗುವುದು.

ಮೊದಲು ನೆಪವನ್ನೇ ನೋಡುವ. ಕೊಚ್ಚಿಯ ಬಳಿಯಲ್ಲಿ ಕೊಡುಂಗಲ್ಲೂರು, ಆಯಕೋಟೆ ಎಂಬ ಎರಡು ಕೋಟೆಗಳು ಡಚ್ಚರ ಕೈಯಲ್ಲಿದ್ದುವು. ಮರಾಠಿ ದಫ್ತರಗಳಲ್ಲಿ ವಲಂದೇಜರೆಂದು ಕರೆಯಿಸಿಕೊಂಡಿರುವವರು ಇವರೇ. ಹದಿನೇಳನೆಯ ಶತಮಾನದಲ್ಲಿ ಪೋರ್ತುಗೀಸರನ್ನು ಹೊರಡಿಸಿ ಮಲೆಯಾಳದ ಮೆಣಸಿನ ವ್ಯಾಪಾರವನ್ನು ಹಿಡಿದಿದ್ದ ಇವರ ಬಲವು ಹದಿನೆಂಟನೆಯ ಶತಮಾನದ ಕೊನೆಗೆ ಕುಂದಿಹೋಗಿದ್ದಿತು. ಕೋಟೆಗಳನ್ನು ಕಾಯುವುದು ಅವರಿಗೆ ಭಾರವಾಯಿತು. 1789ನೆಯ ಇಸವಿ ಜುಲೈ ತಿಂಗಳ ಕೊನೆಯಲ್ಲಿ ಅವರು ಈ ಎರಡು ಕೋಟೆಗಳನ್ನು ತಿರುವಾಂಕೂರಿನ ಅರಸನಿಗೆ ಮೂರು ಲಕ್ಷ ರೂಪಾಯಿಗಳಿಗೆ ಮಾರಿಬಿಟ್ಟರು. ಕೋಟೆಗಳಿರುವ ನೆಲವು ಕೊಚ್ಚಿಯ ಅರಸನದು, ಕೊಚ್ಚಿಯು ತನಗೆ ಕಪ್ಪವನ್ನು ಕೊಡುವ ಸಂಸ್ಥಾನ, ತನ್ನನ್ನು ಕೇಳದೆ ಮಾರುವ ಅಧಿಕಾರವು ಡಚ್ಚರಿಗೆಲ್ಲಿಯದು ಎಂದು ಟಿಪ್ಪುವು ವಾದಿಸಿದನು. ವಾದದಲ್ಲಿ ಸ್ವಲ್ಪ ಸತ್ಯವಿಲ್ಲದಿರಲಿಲ್ಲ. ಆದರೆ ಅವನು ವಾದದಲ್ಲಿ ನಿಲ್ಲದೆ ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆಯಾದ ನೆಡುಂಕೋಟೆಯ ಮೇಲೆ ಲಗ್ಗೆಹತ್ತಿ, ಹಿಮ್ಮೆಟ್ಟಿ, ಮುಂದಿನ ವರ್ಷ ಅದನ್ನು ಒಡೆದು ಒಳನುಗ್ಗಿದನು. 1784ರ ಮಂಗಳೂರು ಸಂಧಿಯಲ್ಲಿ ತಿರುವಾಂಕೂರು ಕಂಪೆನಿಯ ಮಿತ್ರರಾಜ್ಯವೆಂದು ಬರೆದಿದ್ದುದು ಅವನಿಗೆ ತಿಳಿಯದ ವಿಷಯವಲ್ಲ. ಎದುರಾಳಿಗೆ ಬೇಕಾಗಿದ್ದುದನ್ನು ಅವನೇ ಕೈಯಾರೆ ಕೊಟ್ಟಂತಾಯಿತು.

ಎದುರಾಳಿಗೆ ಅದು ಬೇಕಾಗಿದ್ದಿತೆಂಬುದಕ್ಕೆ ಸಾಕ್ಷ್ಯವುಂಟು. ಇಂಡಿಯಾದಲ್ಲಿ ರಾಜ್ಯವಿಸ್ತಾರಕ್ಕಾಗಿ ಯುದ್ಧಮಾಡಕೂಡದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1784ರಲ್ಲಿಯೇ ಕಾನೂನು ಮಾಡಿದ್ದಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸನು ಈ ಕಾನೂನಿಗೆ ಒಳಪಟ್ಟವನು. ಮಿತ್ರನೊಬ್ಬನಿಗೆ ಪೆಟ್ಟು ಬಿದ್ದರೆ ಮಾತ್ರ ಅವನ ಕೈಯ ಕಟ್ಟು ಬಿಚ್ಚುವುದು. ಅವನು 1789ರ ಜುಲೈ 7ರಂದು ಹೈದರಾಬಾದಿನ ನಿಜಾಮನಿಗೆ ಒಂದು ಪತ್ರವನ್ನು ಬರೆದನು. ಕಂಪೆನಿಯು ನಿಜಾಮನಿಗೆ ಕೊಡುವ ಸೈನ್ಯವನ್ನು ಯಾರಾರ ಮೇಲೆ ಉಪಯೋಗಿಸಕೂಡದೆಂಬ ಪಟ್ಟಿಯು ಅದರಲ್ಲಿದ್ದಿತು. ಪಟ್ಟಿಯಲ್ಲಿ ಟಿಪ್ಪುವಿನ ಹೆಸರು ಮಾತ್ರ ಇರಲಿಲ್ಲ. ಪತ್ರದ ದಿನಕ್ಕೆ ಡಚ್ಚರ ಕೋಟೆಗಳು ಇನ್ನೂ ಮಾರಾಟವಾಗಿರಲಿಲ್ಲ, ನೆಡುಂಕೋಟೆಗೆ ಇನ್ನೂ ಲಗ್ಗೆ ಬಿದ್ದಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಬರೆಯದೆ ಬಿಟ್ಟ ಒಂದು ಹೆಸರು ಬರೆದ ಹತ್ತು ಹೆಸರುಗಳಿಗಿಂತ ಹೆಚ್ಚು ಮಾತನಾಡುವುದುಂಟು.

ಹಾಗಾದರೆ ಕಾರಣವೇನು? ಅದರ ಬೇರು ಇಪ್ಪತ್ತು ವರ್ಷಗಳಷ್ಟು ಹಿಂದಿನದು. 1767ರಿಂದ 1769ರವರೆಗೆ ನಡೆದ ಮೊದಲನೆಯ ಯುದ್ಧದಲ್ಲಿ ಮದರಾಸಿನ ಇಂಗ್ಲಿಷರು ಕೋಲಾರ, ಮುಳಬಾಗಿಲು, ಹೊಸಕೋಟೆಗಳ ಸೀಮೆಯಲ್ಲಿಯೇ ಹೈದರಾಲಿಯೊಡನೆ ಹೋರಾಡಿದ್ದರು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರನಿಗೆ ಇದು ತನ್ನ ಮನೆಯಂಗಳವೇ ಸರಿ. ಅವನು ಕೊನೆಗೆ ಮದರಾಸಿನ ಬಾಗಿಲಿನಲ್ಲಿಯೇ ಕುದುರೆಗಳನ್ನು ನಿಲ್ಲಿಸಿ, ಒಬ್ಬರ ಮೇಲೆ ಶತ್ರು ಬಿದ್ದರೆ ಮತ್ತೊಬ್ಬರು ನೆರವಾಗಬೇಕೆಂಬ ಸಂಧಿಯನ್ನು ಬರೆಯಿಸಿಕೊಂಡನು. ಮರುವರ್ಷವೇ ಪೇಶ್ವೆ ಮಾಧವರಾಯನ ಸೈನ್ಯವು ಮೈಸೂರಿನ ಮೇಲೆ ಬಿದ್ದಾಗ ಇಂಗ್ಲಿಷರು ಒಬ್ಬ ಸಿಪಾಯಿಯನ್ನೂ ಕಳುಹಿಸಲಿಲ್ಲ. ಕೊಟ್ಟ ಮಾತು ಹೀಗೆ ಹೋದ ಮೇಲೆ ಹುಟ್ಟಿದ ಹಗೆತನವು 1780ರಲ್ಲಿ ಎರಡನೆಯ ಯುದ್ಧವಾಯಿತು. ಆ ವರ್ಷ ಪೊಳ್ಳಿಲೂರಿನಲ್ಲಿ ಕಂಪೆನಿಗೆ ಆದ ಪರಾಭವವು ಇಂಗ್ಲೆಂಡಿನವರ ಮನಸ್ಸಿನಲ್ಲಿ ಮಾಸಲಿಲ್ಲ. ಹೈದರನು 1782ರಲ್ಲಿ ತೀರಿಹೋದನು. ಸಂಧಿಯಾದುದು ಎರಡು ವರ್ಷಗಳ ಮೇಲೆ. ಆ ಸಂಧಿಯನ್ನು ಎರಡು ಪಕ್ಷದವರೂ ಉಸಿರು ತಿರುಗಿಸಿಕೊಳ್ಳುವ ಅವಧಿಯೆಂದೇ ಭಾವಿಸಿದರು.

ಹಗೆತನವೊಂದೇ ಆಗಿದ್ದರೆ ಕಾಲವು ಅದನ್ನು ತಣಿಸುತ್ತಿದ್ದಿತೋ ಏನೋ. ಅದರ ಕೆಳಗೆ ಹಣದ ಮಾತು ಇದ್ದಿತು. ಮಲೆಯಾಳದ ಮೆಣಸು, ಏಲಕ್ಕಿ, ಮೈಸೂರಿನ ಶ್ರೀಗಂಧ, ಇವುಗಳನ್ನು ಅಗ್ಗದ ಬೆಲೆಗೆ ಕೊಂಡು ಹಡಗಿಗೇರಿಸುವುದು ಕಂಪೆನಿಯ ಕಸುಬು. ಟಿಪ್ಪುವು ಈ ಪದಾರ್ಥಗಳ ವ್ಯಾಪಾರವನ್ನು ಸರಕಾರದ ಹತೋಟಿಗೆ ತೆಗೆದುಕೊಂಡು, ತನ್ನವೇ ಕೋಠಿಗಳನ್ನು ತೆರೆದು, ತಲಚೇರಿಯ ಇಂಗ್ಲಿಷ್ ವರ್ತಕರಿಗೆ ಮೆಣಸು ಸಿಗದಂತೆ ಮಾಡಿದನು. ತುರ್ಕಿಯ ಸುಲ್ತಾನನ ಬಳಿಗೂ ಫ್ರಾನ್ಸಿನ ದೊರೆಯ ಬಳಿಗೂ ರಾಯಭಾರಿಗಳನ್ನು ಕಳುಹಿಸಿದನು. ಇಂಡಿಯಾದ ಅರಸನು ಕಂಪೆನಿಯ ಮುಖಾಂತರವಲ್ಲದೆ ಹೊರಗಿನ ಲೋಕದೊಡನೆ ಮಾತನಾಡುವುದೂ, ಕಂಪೆನಿಯನ್ನು ಬಿಟ್ಟು ತಾನೇ ಸರಕನ್ನು ಮಾರುವುದೂ ಅವರಿಗೆ ಸಹಿಸದ ಸಂಗತಿಗಳಾಗಿದ್ದುವು. ಇತ್ತ ಪೇಶ್ವೆಗೂ ನಿಜಾಮನಿಗೂ ಹೈದರನ ಕಾಲದಲ್ಲಿ ಕಳೆದುಕೊಂಡ ಸೀಮೆಗಳ ಮೇಲೆ ಕಣ್ಣಿದ್ದಿತು. 1790ರ ಬೇಸಗೆಯಲ್ಲಿ ಮೂವರೂ ಕೂಡಿ, ಗೆದ್ದ ನೆಲವನ್ನು ಹಂಚಿಕೊಳ್ಳುವ ಕರಾರು ಮಾಡಿಕೊಂಡರು. ತಿರುವಾಂಕೂರಿನ ರಕ್ಷಣೆಗೆಂದು ಹೊರಟ ಯುದ್ಧದಲ್ಲಿ ಹಂಚಿಕೆಯ ಲೆಕ್ಕವು ಯುದ್ಧಕ್ಕೆ ಮೊದಲೇ ಆಗಿಹೋಯಿತು.

ಇನ್ನು ಈ ಸೀಮೆಯ ಮಾತು. ಹದಿನೈದನೆಯ ಶತಮಾನದಲ್ಲಿ ಕಂಚಿಯ ಕಡೆಯಿಂದ ಬಂದ ಏಳು ಮಂದಿ ಸೋದರರು ನಂದಿಯ ತಪ್ಪಲಿನ ಅವತಿಯಲ್ಲಿ ನೆಲಸಿದರೆಂದೂ, ಅವರ ವಂಶದ ಕವಲುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರ ಮುಂತಾದ ಕಡೆಗಳಲ್ಲಿ ಗೌಡಪ್ರಭುಗಳಾಗಿ ಆಳಿದರೆಂದೂ ಐತಿಹ್ಯವಿದೆ. ಚಿಕ್ಕಬಳ್ಳಾಪುರದ ಕೋಟೆಯನ್ನು ಕಟ್ಟಿದುದು 1479ರಲ್ಲಿ ಎಂದು ಹೇಳುವರು. ಈ ಪಾಳೆಯಗಾರರನ್ನು ಬರಿಯ ದರೋಡೆಗಾರರೆಂದು ಇಂಗ್ಲಿಷ್ ಲೇಖಕರು ಬರೆದಿರುವುದು ಅನ್ಯಾಯ. ಕಾಡು ಕಡಿದು ಊರು ಕಟ್ಟಿದವರೂ, ಕೆರೆಗಳನ್ನು ಕಟ್ಟಿಸಿ ದೇವಾಲಯಗಳಿಗೆ ಉಂಬಳಿಗಳನ್ನು ಬಿಟ್ಟವರೂ ಅವರಲ್ಲಿದ್ದರು. ಹಾಗೆಂದು ಅವರೆಲ್ಲರೂ ಧರ್ಮಪ್ರಭುಗಳೆಂದು ಕೊಂಡಾಡುವುದೂ ಸಲ್ಲದು. ನೆರೆಯವನ ದನಗಳನ್ನು ಹೊಡೆದುಕೊಂಡು ಬಂದ ದಿನಗಳೂ ಇದ್ದುವು. ವಿಜಯನಗರವು ಬಿದ್ದ ಮೇಲೆ ಅವರು ಬಿಜಾಪುರಕ್ಕೆ, ಶಹಾಜಿಗೆ, 1687ರ ತರುವಾಯ ಶಿರೆಯ ಮೊಗಲ್ ಸುಬೇದಾರನಿಗೆ, ನಡುನಡುವೆ ಮರಾಠರಿಗೆ, ಹೀಗೆ ಯಾರು ಬಲಿಷ್ಠರೋ ಅವರಿಗೆ ಪೊಗದಿಯನ್ನು ಸಲ್ಲಿಸುತ್ತ ತಮ್ಮ ಕೋಟೆಯಲ್ಲಿ ತಾವು ಉಳಿದುಕೊಂಡಿದ್ದರು. ಮೇಲಿನ ದೊರೆ ಬದಲಾದರೂ ಕೆಳಗಿನ ಗೌಡನು ಬದಲಾಗನು ಎಂಬುದು ಅಂದಿನ ವ್ಯವಸ್ಥೆ.

ಈ ವ್ಯವಸ್ಥೆಯನ್ನು ಮುರಿದುದು ಮೈಸೂರು. 1749ರಲ್ಲಿ ದೇವನಹಳ್ಳಿಯು ಮೈಸೂರಿನ ಸೈನ್ಯಕ್ಕೆ ವಶವಾಯಿತು. ಹೈದರನ ಪರಾಕ್ರಮವು ದಳವಾಯಿಯ ಕಣ್ಣಿಗೆ ಮೊದಲು ಬಿದ್ದುದು ಆ ಮುತ್ತಿಗೆಯಲ್ಲಿಯೇ. 1761ರಲ್ಲಿ ಅವನು ಶಿರೆಯ ನವಾಬನೆನಿಸಿಕೊಂಡ ಕೂಡಲೆ ಚಿಕ್ಕಬಳ್ಳಾಪುರದ ಮೇಲೆ ದಂಡೆತ್ತಿದನು. ಅಲ್ಲಿಯ ಪ್ರಭುವು ಬಹುದಿನ ಕಾದಾಡಿ, ಹಣವನ್ನು ಕೊಡುವುದಾಗಿ ಒಪ್ಪಿಕೊಂಡು, ಮೈಸೂರಿನ ದಂಡು ಹಿಂದಿರುಗುತ್ತಲೇ ಗುತ್ತಿಯ ಮುರಾರಿರಾಯನ ಮರಾಠರನ್ನು ಕರೆದು ಕೋಟೆಯಲ್ಲಿರಿಸಿ ತಾನು ನಂದಿದುರ್ಗವನ್ನು ಸೇರಿದನು. ಹೈದರನು ಹಿಂದಿರುಗಿ ಬಂದು ಚಿಕ್ಕಬಳ್ಳಾಪುರವನ್ನೂ ಗುಡಿಬಂಡೆಯನ್ನೂ ಹಿಡಿದನು. ಕೊನೆಗೆ ಸಂಸ್ಥಾನವೇ ಅಳಿದು ಮನೆತನದವರು ಸೆರೆಯಾಳುಗಳಾದರು. ಟಿಪ್ಪುವಿನ ಕಾಲಕ್ಕೆ ಕಂದಾಯವನ್ನು ಸರಕಾರದ ಅಮಲ್ದಾರರೇ ನೇರವಾಗಿ ರೈತರಿಂದ ವಸೂಲುಮಾಡುವ ಪದ್ಧತಿಯು ಬಲವಾಯಿತು. ನಡುವೆ ನಿಂತು ಒಂದು ಪಾಲನ್ನು ಇಟ್ಟುಕೊಳ್ಳುವ ಪಾಳೆಯಗಾರನಿಗೆ ಅಲ್ಲಿ ಸ್ಥಳವಿಲ್ಲ. ರಾಜ್ಯದ ದೃಷ್ಟಿಯಿಂದ ಇದು ಕ್ರಮವಾದ ಆಡಳಿತ. ನೆಲವನ್ನು ಕಳೆದುಕೊಂಡವನ ದೃಷ್ಟಿಯಿಂದ ಇದು ಮರೆಯಲಾಗದ ಗಾಯ. ಗಾಯಗೊಂಡವನು ಹೊರಗಿನ ನೆರವನ್ನು ಕಾಯುತ್ತಿದ್ದುದರಲ್ಲಿ ಆಶ್ಚರ್ಯವೇನು?

ನೆರವು 1791ರಲ್ಲಿ ಬಂದಿತು. ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಮುಗಳಿ ಕಣಿವೆಯನ್ನು ಹತ್ತಿ ಕೋಲಾರ, ಹೊಸಕೋಟೆಗಳನ್ನು ಹೆಚ್ಚು ಶ್ರಮವಿಲ್ಲದೆ ಹಿಡಿದು, ಮಾರ್ಚಿ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಗೆದ್ದನು. ಅಲ್ಲಿಂದ ಅವನು ಹೊರಟುದು ಶ್ರೀರಂಗಪಟ್ಟಣದ ಕಡೆಗಲ್ಲ, ಉತ್ತರಕ್ಕೆ. ನಿಜಾಮನ 10,000 ಕುದುರೆ ಸವಾರರನ್ನು ಕೂಡಿಕೊಳ್ಳಬೇಕಾಗಿದ್ದಿತು. ದಾರಿಯಲ್ಲಿ ದೇವನಹಳ್ಳಿಯೂ ಚಿಕ್ಕಬಳ್ಳಾಪುರವೂ ಅವನಿಗೆ ವಶವಾದುವು. ಚಿಕ್ಕಬಳ್ಳಾಪುರವನ್ನು ಅವನು ಹಳೆಯ ಮನೆತನದ ನಾರಾಯಣಗೌಡನಿಗೆ ಹಿಂದಕ್ಕೆ ಕೊಟ್ಟನು. ಮೂವತ್ತು ವರ್ಷಗಳ ಮೇಲೆ ಅವತಿಯ ಕುಡಿಯು ತನ್ನ ಕೋಟೆಯನ್ನು ಹೊಕ್ಕಿತು. ಈ ಔದಾರ್ಯದ ಅರ್ಥವು ಸ್ಪಷ್ಟವಾಗಿದೆ: ಸ್ಥಳದ ಪ್ರಭುವು ತನ್ನವನಾದರೆ ದಂಡಿಗೆ ಧಾನ್ಯವೂ, ಹುಲ್ಲೂ, ದಾರಿ ತೋರಿಸುವವರೂ ದೊರೆಯುವರು. ಆದರೆ ಮೇಲೆ ನಂದಿದುರ್ಗವು ಟಿಪ್ಪುವಿನ ಕಿಲ್ಲೇದಾರನ ಕೈಯಲ್ಲಿಯೇ ಇದ್ದಿತು. ಇಂಗ್ಲಿಷ್ ದಂಡು ಮುಂದೆ ಸಾಗಿಹೋದ ಮೇಲೆ ಟಿಪ್ಪುವಿನ ಕಡೆಯವರು ಚಿಕ್ಕಬಳ್ಳಾಪುರವನ್ನು ಮತ್ತೆ ಕಿತ್ತುಕೊಂಡರು.

ಇಲ್ಲಿಯೇ ನಂದಿದುರ್ಗದ ಮುತ್ತಿಗೆಯ ಸಮೀಪದ ಕಾರಣವಿರುವುದು. ಆ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ, ಅರಿಕೆರೆಯಲ್ಲಿ ಗೆದ್ದೂ, ಮುಂದುವರಿಯಲಾರದೆ ಹಿಂದಿರುಗಿದನು. ಅವನನ್ನು ಹಿಂದಿರುಗಿಸಿದುದು ಟಿಪ್ಪುವಿನ ಕತ್ತಿಯಲ್ಲ, ಹಸಿವು. ಸಾವಿರಾರು ಎತ್ತುಗಳು ರೋಗದಿಂದಲೂ ಮೇವಿಲ್ಲದೆಯೂ ಬಿದ್ದುವು. ಎಳೆಯುವ ಎತ್ತುಗಳಿಲ್ಲದೆ ಭಾರಿಯ ಫಿರಂಗಿಗಳನ್ನು ತಾನೇ ಒಡೆಸಿ ಬಿಡಬೇಕಾಯಿತು. ಇನ್ನು ಮುಂದೆ ಲಂಬಾಣಿಗಳ ಧಾನ್ಯದ ಹೇರುಗಳು ತಡೆಯಿಲ್ಲದೆ ಬರದಿದ್ದರೆ ಯುದ್ಧವು ನಡೆಯದೆಂದು ಅವನಿಗೆ ಮನವರಿಕೆಯಾಯಿತು. ಧಾನ್ಯವು ಬರಬೇಕಾದುದು ಕರ್ಣಾಟಕದ ಬಯಲಿನಿಂದ ಮತ್ತು ನಿಜಾಮನ ಸೀಮೆಯಿಂದ. ಬರುವ ದಾರಿಗಳಾವುವು? ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಬಯಲು ಪೆನುಗೊಂಡೆಯ ಕಡೆಗೆ ತೆರೆದಿರುವುದು. ಚಿಂತಾಮಣಿಯ ಕಡೆಯಿಂದ ಮದನಪಲ್ಲಿ, ಕಡಪೆಗಳಿಗೆ ಹಾದಿ. ಶಿಡ್ಲಘಟ್ಟವು ಚಿಂತಾಮಣಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ. ಈ ದಾರಿಗಳ ಮೇಲೆ ಕಣ್ಣಿಟ್ಟು ನಿಂತಿರುವ ಬೆಟ್ಟಗಳೇ ಚಿಂತಾಮಣಿ ಸೀಮೆಯ ರಹಮಾನಗಡ, ಅಂಬಾಜಿದುರ್ಗಗಳು ಮತ್ತು ಎಲ್ಲಕ್ಕೂ ಮೇಲೆ ನಂದಿದುರ್ಗ. ದುರ್ಗದಲ್ಲಿರುವ ಕೆಲವು ನೂರು ಮಂದಿ ಕೆಳಗಿಳಿದು ಬಂದರೆ ಹೇರಿನ ಎತ್ತುಗಳು ನಡೆಯುವಂತಿಲ್ಲ. ಬೆಟ್ಟದ ಮೇಲಿನ ಕೋಟೆಗೆ ಯುದ್ಧವು ಬಂದುದು ಬೆಟ್ಟದ ಕೆಳಗಿನ ಎತ್ತಿನ ದಾರಿಗಾಗಿ.

ಮೇಜರ್ ಗೌಡಿ ಎಂಬ ಸೇನಾನಿಯು (ಹೆಸರು ಈ ನಾಡಿನದರಂತೆ ಕೇಳಿಸಿದರೂ ಅವನು ಕಂಪೆನಿಯ ಅಧಿಕಾರಿ) ಸೆಪ್ಟೆಂಬರಿನಲ್ಲಿ ಮೊದಲು ರಹಮಾನಗಡವನ್ನು ಹಿಡಿದನು. ಅಂಬಾಜಿದುರ್ಗವು ಒಳಗಾಯಿತು. ನಂದಿದುರ್ಗವು ಮಾತ್ರ ಬಗ್ಗಲಿಲ್ಲ. ಕಡಿದಾದ ಇಳಿಜಾರಿನಲ್ಲಿ ದಾರಿಯನ್ನು ಕಡಿದು ಫಿರಂಗಿಗಳನ್ನು ಮೇಲಕ್ಕೆಳೆದು, 21 ದಿನಗಳ ಶ್ರಮದ ಮೇಲೆ ಗೋಡೆಯಲ್ಲಿ ಎರಡು ಬಿರುಕುಗಳನ್ನು ಮಾಡಿದರು. ಕೋಟೆಯವರನ್ನು ಹೆದರಿಸಲು ಕಾರ್ನ್‌ವಾಲಿಸನೇ ಮುಖ್ಯ ಸೈನ್ಯದೊಡನೆ ಸಮೀಪಕ್ಕೆ ಬಂದಿಳಿದನು. ಅಕ್ಟೋಬರ್ 18ರ ರಾತ್ರಿ ಜನರಲ್ ಮೆಡೋಸನ ಮುಂದಾಳ್ತನದಲ್ಲಿ ಬೆಳುದಿಂಗಳಲ್ಲಿ ಲಗ್ಗೆಯಾಯಿತು. ಮೇಲಿನವರು ಗುಂಡಿಗಿಂತ ಹೆಚ್ಚಾಗಿ ಬಂಡೆಗಳನ್ನೇ ಉರುಳಿಸಿದರು. ಲಗ್ಗೆಯಲ್ಲಿ ಗಾಯಗೊಂಡವರಲ್ಲಿ ಹೆಚ್ಚಿನವರು ಕಲ್ಲಿನ ಪೆಟ್ಟು ತಿಂದವರು. ಬೆಳಗಾಗುವಾಗ ಕೋಟೆಯು ಕಂಪೆನಿಯದಾಗಿದ್ದಿತು.

ಆಮೇಲಿನದು ಎಲ್ಲರಿಗೂ ತಿಳಿದ ಕಥೆ. 1792ನೆಯ ಇಸವಿ ಮಾರ್ಚಿಯ ಶ್ರೀರಂಗಪಟ್ಟಣದ ಸಂಧಿಯಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟನು. ಕಂಪೆನಿಗೆ ಮಲೆಯಾಳ, ಬಾರಾಮಹಲ್, ದಿಂಡಿಗಲ್ಲು ಮುಂತಾದುವು ಬಂದುವು. ಮೆಣಸಿನ ನಾಡು ಮೊದಲನೆಯ ಪಾಲಿನಲ್ಲಿಯೇ ಬಂದುದನ್ನು ಗಮನಿಸಬೇಕು. ಮರಾಠರಿಗೂ ನಿಜಾಮನಿಗೂ ಅವರವರ ಗಡಿಗೆ ಹೊಂದಿದ ಸೀಮೆಗಳು ಸಂದುವು. ಚಿಕ್ಕಬಳ್ಳಾಪುರ, ನಂದಿ, ಗುಡಿಬಂಡೆ, ಚಿಂತಾಮಣಿಗಳ ಸೀಮೆಯು ಯಾರ ಪಾಲಿಗೂ ಬೇಕಾಗಲಿಲ್ಲ. ಅದು ಟಿಪ್ಪುವಿಗೆ ಹಿಂದಕ್ಕೆ ಹೋಯಿತು. ಕಂಪೆನಿಯನ್ನು ನಂಬಿ ಕೋಟೆಯನ್ನು ಹೊಕ್ಕಿದ್ದ ಗೌಡನ ಸಂಸ್ಥಾನವು ಉಳಿಯಲಿಲ್ಲ. ಅವನನ್ನು ಸ್ವಾಮಿದ್ರೋಹಿ ಎನ್ನುವವರುಂಟು. ಯಾವ ಸ್ವಾಮಿಗೆ ಎಂದು ಕೇಳಬೇಕಾಗುವುದು. ಅವನು ದ್ರೋಹಿಯಾಗಿರಲಿ, ನಷ್ಟ ಹೊಂದಿದ ಹಕ್ಕುದಾರನಾಗಿರಲಿ, ಸಂಧಿಯನ್ನು ಬರೆದವರಿಗೆ ಅವನ ನೆನಪು ಬೇಕಾಗಿರಲಿಲ್ಲ ಎಂಬುದು ಮಾತ್ರ ನಿಶ್ಚಯ. ದಂಡುಗಳು ಎರಡು ಬಾರಿ ತುಳಿದುಹೋದ ಹೊಲಗಳ ರೈತರ ಮಾತನ್ನಂತೂ ಎತ್ತುವವರೇ ಇರಲಿಲ್ಲ. ಸುಲ್ತಾನನ ದಂಡದ ಹಣವು ಕೊನೆಗೆ ರೈತರ ಕಣಜಗಳಿಂದಲೇ ಹೊರಡಬೇಕಾಗಿದ್ದಿತು. 1799ರಲ್ಲಿ ಟಿಪ್ಪುವು ಮಡಿದು ಒಡೆಯರ ವಂಶವು ಮತ್ತೆ ಸಿಂಹಾಸನವನ್ನೇರಿದಾಗಲೂ ಪಾಳೆಯಪಟ್ಟುಗಳು ತಲೆಯೆತ್ತಲಿಲ್ಲ. ಮೈಸೂರು ಕಂಪೆನಿಗೆ ವರ್ಷಂಪ್ರತಿ 7 ಲಕ್ಷ ವರಹ, ಎಂದರೆ 24 ಲಕ್ಷ 50 ಸಾವಿರ ರೂಪಾಯಿ, ಪೊಗದಿಯನ್ನು ಸಲ್ಲಿಸಬೇಕೆಂದಾಯಿತು. ಮುಂದೆ ಕಮಿಷನರ್ ಕಬ್ಬನ್ನನು ಬೇಸಗೆಯ ಬಂಗಲೆಯನ್ನು ಮಾಡಿಕೊಂಡುದು ನಂದಿಯ ನೆತ್ತಿಯ ಮೇಲೆಯೇ.

ಕೊಡುಂಗಲ್ಲೂರಿನ ಕೋಟೆಯನ್ನು ಮಾರಿದ ಡಚ್ ಕಂಪೆನಿಯ ಸಂಬಂಧದಲ್ಲಿಯೇ ಇಂತಹ ಮತ್ತೊಂದು ಯುದ್ಧವು ಸಮುದ್ರದಾಚೆ ನಡೆಯಿತು. ನಂದಿಯ ಯುದ್ಧದೊಡನೆ ಅದನ್ನು ಇಟ್ಟು ನೋಡಿದರೆ ಎರಡರ ರೂಪವೂ ತಿಳಿಯಾಗುವುದು. ಇದೇ ಕಂಪೆನಿಯು 1652ರಲ್ಲಿ ಆಫ್ರಿಕದ ದಕ್ಷಿಣದ ತುದಿಯಲ್ಲಿ ಹಡಗುಗಳ ತಂಗುದಾಣವೊಂದನ್ನು ಕಟ್ಟಿ ಕೆಲವು ಒಕ್ಕಲುಗಳನ್ನು ನೆಲೆಗೊಳಿಸಿತು. ಅವರ ಭಾಷೆಯಲ್ಲಿ ಬೋಯರ್ ಎಂದರೆ ಬೇಸಾಯಗಾರ. ಇಂಗ್ಲಿಷರು ಆ ನೆಲೆಯನ್ನು 1795ರಲ್ಲೊಮ್ಮೆ, 1806ರಲ್ಲೊಮ್ಮೆ ಹಿಡಿದರು. ಗುಲಾಮಗಿರಿಯ ನಿಷೇಧ ಮೊದಲಾದ ಕಾನೂನುಗಳಿಂದ ಸಿಟ್ಟಾದ ಬೋಯರರು ಸಾವಿರಾರು ಮಂದಿ ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಉತ್ತರಕ್ಕೆ ಹೋಗಿ, ಅಲ್ಲಿದ್ದ ಆಫ್ರಿಕನರನ್ನು ಒತ್ತರಿಸಿ, ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಎಂಬ ಎರಡು ರಾಜ್ಯಗಳನ್ನು ಕಟ್ಟಿದರು. ಆಂಗ್ಲರೂ 1852ರಲ್ಲಿ, 1854ರಲ್ಲಿ ಅವುಗಳನ್ನು ಒಪ್ಪಿಕೊಂಡರು. 1867ರಿಂದ ವಜ್ರ, 1886ರಲ್ಲಿ ಟ್ರಾನ್ಸ್‌ವಾಲಿನಲ್ಲಿ ಚಿನ್ನ ಸಿಕ್ಕಿದ ಮೇಲೆ ಒಪ್ಪಿಕೊಂಡ ಮಾತು ಸಡಿಲವಾಯಿತು. ಗಣಿಗಳಿಗೆ ಬಂದ ಹೊರನಾಡಿಗರಿಗೆ ಮತದಾನದ ಹಕ್ಕನ್ನು ಕೊಡಬೇಕೆಂಬುದು ಅಲ್ಲಿಯ ನೆಪ. ಅಧ್ಯಕ್ಷ ಕ್ರೂಗರನು 14 ವರ್ಷಗಳ ವಾಸದ ನಿಯಮವನ್ನು ಏಳಕ್ಕೆ ಇಳಿಸಲು ಒಪ್ಪಿದರೂ ಇಂಗ್ಲಿಷ್ ಅಧಿಕಾರಿ ಮಿಲ್ನರನಿಗೆ ಸಾಲದಾಯಿತು. 1899ರ ಅಕ್ಟೋಬರಿನಲ್ಲಿ ಮೊದಲ ಗುಂಡನ್ನು ಹಾರಿಸಿದವರು ಬೋಯರರೇ. ನೆಡುಂಕೋಟೆಯ ಮುಂದೆ ಟಿಪ್ಪುವು ಮಾಡಿದುದನ್ನೇ ಅವರೂ ಮಾಡಿದರು. ಎರಡೂವರೆ ವರ್ಷಗಳ ಯುದ್ಧದಲ್ಲಿ ಇಂಗ್ಲಿಷರ ಸೆರೆಶಿಬಿರಗಳಲ್ಲಿಯೇ 26,000ಕ್ಕೆ ಮೇಲ್ಪಟ್ಟ ಬೋಯರ್ ಹೆಂಗಸರೂ ಮಕ್ಕಳೂ, 14,000ಕ್ಕೆ ಕಡಮೆಯಿಲ್ಲದ ಆಫ್ರಿಕನರೂ ಸತ್ತರು. 1902ರ ಸಂಧಿಯಲ್ಲಿ ಆಫ್ರಿಕನರ ಮತದ ಹಕ್ಕಿನ ಪ್ರಶ್ನೆಯನ್ನು ಬಿಳಿಯರಿಗೆ ಸ್ವಯಮಾಡಳಿತವು ಬರುವವರೆಗೆ ಎತ್ತಬಾರದೆಂದು ಬರೆಯಲಾಯಿತು. ಮತದಾನಕ್ಕಾಗಿಯೇ ಹೂಡಿದರೆಂಬ ಯುದ್ಧದ ಸಂಧಿಯಿದು!

ಚಿನ್ನವು ಕೋಲಾರದಲ್ಲಿಯೂ ಇದ್ದಿತು. ಕೋಲಾರದ ಗಣಿಗಳಲ್ಲಿ ಜಾನ್ ಟೇಲರ್ ಕಂಪೆನಿಯವರು 1880ರಿಂದ ಕೆಲಸವನ್ನು ಹೂಡಿದರು. ಅಲ್ಲಿ ಯುದ್ಧವೇನೂ ಆಗಲಿಲ್ಲ. ಆಗಬೇಕಾದ ಯುದ್ಧವು 1791ರಲ್ಲಿಯೂ 1799ರಲ್ಲಿಯೂ ಆಗಿಹೋಗಿದ್ದಿತು. 2001ರಲ್ಲಿ ಮುಚ್ಚಿಹೋದ ಆ ಗಣಿಗಳಿಗೆ ಬಂದ ವಿದೇಶೀಯರು ಮತದ ಹಕ್ಕನ್ನು ಕೇಳುವ ಅಗತ್ಯವೇ ಇರಲಿಲ್ಲ. ಅವರ ಸರಕಾರವು ಮೈಸೂರಿನ ಮೇಲೆ ಆಗಲೇ ಕುಳಿತಿದ್ದಿತು.

ಸೆರೆಸಿಕ್ಕಿದ ಬೋಯರರಲ್ಲಿ ಸಾವಿರಾರು ಮಂದಿಯನ್ನು ಇಂಗ್ಲಿಷರು ಹಡಗುಗಳಲ್ಲಿ ಇಂಡಿಯಾಕ್ಕೆ ತಂದು ನಾನಾ ದಂಡಿನ ಠಾಣ್ಯಗಳಲ್ಲಿ ಇರಿಸಿದರು. ಅವುಗಳಲ್ಲಿ ಒಂದು ಬಳ್ಳಾರಿ. ಹೈದರ್ ಟಿಪ್ಪುಗಳ ರಾಜ್ಯದಿಂದ 1792ರ ಮತ್ತು 1799ರ ಹಂಚಿಕೆಗಳಲ್ಲಿ ನಿಜಾಮನಿಗೆ ಸಂದು, 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ಸೀಮೆಯದು. ಟ್ರಾನ್ಸ್‌ವಾಲಿನ ಒಕ್ಕಲಿಗರು ತಮ್ಮ ನೆಲವು ಯಾರದಾಯಿತೆಂಬ ಸುದ್ದಿಯನ್ನು 1902ರಲ್ಲಿ ಆ ಊರಿನಲ್ಲಿ ಕುಳಿತು ಕೇಳಿದರು.